ಬಿಳಿ ಗೋಡೆಗಳ ಮನೆಗೆ ಬಣ್ಣ ತರಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಹೊಸಬೆಳಗು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗೋಡೆಗಳೆಲ್ಲ ಬಿಳಿ. ಮನೆ ಕಟ್ಟಿದಾಗ ಬಳಿಸಿದ ಬಣ್ಣ ಈಗ ಮಾಸಿದೆ. ಹೇಗೂ ಮತ್ತೆ ಬಳಿಸಲೇಬೇಕಾಗಿರುವುದರಿಂದ, ಈ ಸಲ ಮನೆಯೊಳಗೆ ಧೈರ್ಯವಾಗಿ ಬಣ್ಣ ತರಬೇಕೆಂಬ ಆಸೆ ನನ್ನದು. ಹಾಲ್‌ಗೆ ಪೂರ್ವದ ಕಡೆ ಒಂದೇ ದೊಡ್ಡ ಕಿಟಕಿಯಿದೆ. ಬೆಳಿಗ್ಗೆ ಚೆನ್ನಾಗಿ ಬಿಸಿಲು ಬೀಳುತ್ತದೆ, ಮಧ್ಯಾಹ್ನ ಕಳೆದ ಮೇಲೆ ಕೋಣೆ ಮಂಕಾಗುತ್ತದೆ. ನೆಲಕ್ಕೆ ಕೆಂಪು ಬೆರೆತ ಕಂದು ಟೈಲ್ಸ್ ಇದ್ದು, ಅದನ್ನು ಬದಲಿಸುವ ಯೋಚನೆಯಿಲ್ಲ. ಸೋಫಾ ಮತ್ತು ಪುಸ್ತಕದ ಕಪಾಟು ಗಾಢ ಕಂದು ಮರದವು. ಹಾಲ್‌ನಿಂದ ಮಲಗುವ ಕೋಣೆಗಳಿಗೆ ಹೋಗುವ ದಾರಿ ಕಿರಿದಾಗಿದೆ, ಅಲ್ಲಿ ಕಿಟಕಿಯೂ ಇಲ್ಲ.

ಮನೆಯಲ್ಲಿ ಒಮ್ಮತವಿಲ್ಲ. ಗಾಢ ಬಣ್ಣ ಬಳಿಸಿದರೆ ಇರುವ ಜಾಗವೂ ಇಕ್ಕಟ್ಟಾಗಿ ಕಾಣುತ್ತದೆ ಎನ್ನುವುದು ನಮ್ಮ ಯಜಮಾನರ ವಾದ. ಮಗಳಿಗೆ ತನ್ನ ಕೋಣೆಯ ನಾಲ್ಕೂ ಗೋಡೆ ಹಳದಿಯಾಗಬೇಕು. ನನಗೆ ನೀಲಿ ಮತ್ತು ಹಸಿರು ಇಷ್ಟ. ಮೊದಲು ಯಾವುದನ್ನು ನಿರ್ಧರಿಸಬೇಕು? ಇಷ್ಟೊಂದು ಬಣ್ಣಗಳು ಒಂದೇ ಮನೆಯಲ್ಲಿದ್ದರೆ ಒಂದಕ್ಕೊಂದು ಜಗಳವಾಡದಂತೆ ನೋಡಿಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಬೆಳಕಿಂಡಿ

ಹೊಸಬೆಳಗು ಅವರೇ, ಬಣ್ಣದ ಆಯ್ಕೆಯನ್ನು ಶೇಡ್ ಕಾರ್ಡಿನಿಂದ ಆರಂಭಿಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಿಮ್ಮ ಹಾಲ್‌ನಲ್ಲಿ ಎರಡು ದೊಡ್ಡ ಬಣ್ಣಗಳು ಈಗಾಗಲೇ ನೆಲೆಯೂರಿವೆ. ಒಂದು ನೆಲದ್ದು, ಇನ್ನೊಂದು ಮರದ್ದು. ನೀವು ಗೋಡೆಗೆ ಏನನ್ನೇ ಬಳಿಸಿದರೂ ಅದು ಮೂರನೆಯ ಬಣ್ಣವಾಗುತ್ತದೆ. ಆದ್ದರಿಂದ ಮೊದಲು ಆ ಎರಡು ಬಣ್ಣಗಳೂ ಕಿಟಕಿಯ ಬೆಳಕೂ ಸೇರಿ ಗೋಡೆಯ ಮೇಲೆ ಏನು ಮಾಡುತ್ತಿವೆ ಎಂಬುದನ್ನು ನೋಡಿಕೊಳ್ಳಿ. ಬಿಸಿಲು ನೆಲದ ಮೇಲೆ ಬಿದ್ದಿರುವ ಹೊತ್ತಿನಲ್ಲಿ ಒಂದು ಬಿಳಿ ಕಾಗದವನ್ನು ಗೋಡೆಯ ಬುಡದಲ್ಲಿ, ಅಂಥದೇ ಇನ್ನೊಂದನ್ನು ಸೂರಿನ ಹತ್ತಿರ ಅಂಟಿಸಿ, ದೂರ ನಿಂತು ಹೋಲಿಸಿರಿ. ಕೆಳಗಿನ ಕಾಗದ ತುಸು ಕೆಂಪಗೆ ಕಾಣುತ್ತದೆ. ಟೈಲ್ಸ್ ಮೇಲೆ ಬಿದ್ದ ಬೆಳಕು ಅದರ ಬಣ್ಣವನ್ನು ಹೊತ್ತು ಗೋಡೆಗೆ ಚಿಮ್ಮುವುದೇ ಇದಕ್ಕೆ ಕಾರಣ. ನೀವು ಇಷ್ಟಪಡುವ ನೀಲಿಯ ಮೇಲೆ ಪ್ರತಿದಿನ ಬೆಳಿಗ್ಗೆ ಈ ಕೆಂಪು ಬೀಳುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಆ ನೀಲಿಯನ್ನು ಆರಿಸಬೇಕು.

ಎರಡನೆಯ ಸಂಗತಿ, ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಯುಜೀನ್ ಶೆವ್ರೂಲ್‌ನ ಬಳಿಗೆ, ಕಪ್ಪು ನೂಲು ನೀಲಿ ಮತ್ತು ನೇರಳೆಗಳ ನಡುವೆ ಕಳೆಗುಂದಿ ಕಾಣುತ್ತದೆ ಎಂಬ ದೂರು ಬಂದಿತ್ತು. ಆತ ಪರೀಕ್ಷಿಸಿ ನೋಡಿದಾಗ ನೂಲಿನ ಬಣ್ಣದಲ್ಲಿ ಯಾವ ಕೊರತೆಯೂ ಇರಲಿಲ್ಲ. ನೆರೆಯ ಬಣ್ಣಗಳಿಂದಾಗಿ ಕಪ್ಪು ಹಾಗೆ ತೋರುತ್ತಿತ್ತು. ಈ ಕುರಿತ ತನ್ನ ನಿಯಮವನ್ನು ಆತ 1839ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ನಿಮ್ಮ ಮನೆಗೆ ಇದು ನೇರವಾಗಿ ಅನ್ವಯಿಸುತ್ತದೆ. ಬಣ್ಣಚಕ್ರದಲ್ಲಿ ಕೆಂಪಿಗೆ ಎದುರಾದದ್ದು ಹಸಿರು, ಎದುರು ಬಣ್ಣಗಳು ಅಕ್ಕಪಕ್ಕದಲ್ಲಿದ್ದರೆ ಒಂದನ್ನೊಂದು ತೀವ್ರಗೊಳಿಸುತ್ತವೆ. ಗೋಡೆಗೆ ಗಿಳಿ ಹಸಿರಿನಂಥ ಚುರುಕಾದ ಬಣ್ಣ ಬಳಿಸಿದರೆ ನಿಮ್ಮ ನೆಲ ಈಗಿರುವುದಕ್ಕಿಂತ ಹೆಚ್ಚು ಕೆಂಪಾಗಿ, ಗೋಡೆ ಇನ್ನೂ ಹಸಿರಾಗಿ ಕಾಣುತ್ತದೆ. ನೀವು ಹೇಳುವ ಜಗಳ ಹುಟ್ಟುವುದು ಹೀಗೆ. ಅದೇ ಹಸಿರಿಗೆ ಬೂದು ಬೆರೆತು ಪಾಚಿ ಹಸಿರಾದರೆ, ಅಥವಾ ನೀಲಿ ಮತ್ತು ಹಸಿರುಗಳ ನಡುವಿನ ಮಾಸಲು ಛಾಯೆಯಾದರೆ, ನೆಲವೂ ಗೋಡೆಯೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ನಿಮ್ಮ ಹಾಲ್‌ಗೆ ನಾನು ಸೂಚಿಸುವುದು ಇದನ್ನೇ.

ಮಧ್ಯಾಹ್ನದ ನಂತರ ಕೋಣೆ ಮಂಕಾಗುತ್ತದೆ ಎಂದಿದ್ದೀರಿ. ಹಾಗಾದರೆ ಆ ಗೋಡೆಯನ್ನು ನೀವು ಹೆಚ್ಚು ಹೊತ್ತು ನೋಡುವುದು ಬಲ್ಬಿನ ಬೆಳಕಿನಲ್ಲಿ. ಬಣ್ಣಕ್ಕಿಂತ ಮೊದಲು ಬಲ್ಬುಗಳನ್ನು ನಿಶ್ಚಯಿಸಿ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ: 2700ರಿಂದ 3000 ಇದ್ದರೆ ಹಳದಿಯತ್ತ ವಾಲುವ ಬೆಚ್ಚನೆಯ ಬೆಳಕು, 4000 ಇದ್ದರೆ ಹೆಚ್ಚುಕಡಿಮೆ ತಟಸ್ಥ, 6500 ಇದ್ದರೆ ನೀಲಿಯತ್ತ ವಾಲುವ ತಣ್ಣನೆಯ ಬೆಳಕು. ಅದರ ಜೊತೆಗೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆಯನ್ನೂ ನೋಡಿ. ಬಣ್ಣಗಳನ್ನು ಬಲ್ಬು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ಗರಿಷ್ಠ 100. ಬಣ್ಣದ ಗೋಡೆಗಳಿರುವ ಮನೆಗೆ 90 ಅಥವಾ ಅದಕ್ಕಿಂತ ಹೆಚ್ಚಿನದನ್ನು ಹುಡುಕುವುದು ಒಳ್ಳೆಯದು. ಹಗಲಿನಲ್ಲಿ ಹೊಂದಿಕೊಂಡಿದ್ದ ಪರದೆ ಮತ್ತು ಗೋಡೆ ರಾತ್ರಿ ಬೇರೆ ಬೇರೆಯಾಗಿ ಕಾಣುವುದು ಬಹುಮಟ್ಟಿಗೆ ಬೆಳಕು ಬದಲಾಗುವುದರಿಂದಲೇ.

ಮಾದರಿ ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಎರಡು ಅಡಿ ಉದ್ದಗಲದ ಎರಡು ದಪ್ಪ ರಟ್ಟುಗಳಿಗೆ ಅಂಚಿನವರೆಗೂ ಎರಡು ಕೋಟ್ ಬಳಿಯಿರಿ. ಒಣಗಿದ ಮೇಲೆ ಅವನ್ನು ಕೋಣೆಯ ಮೂಲೆಯಲ್ಲಿ ಒಂದಕ್ಕೊಂದು ಮುಖ ಮಾಡಿ ನಿಲ್ಲಿಸಿ, ಮೂಲೆಯ ಸಂದನ್ನು ಹತ್ತಿರದಿಂದ ನೋಡಿ. ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬಿದ್ದು ಅಲ್ಲಿ ಛಾಯೆ ಗಾಢವಾಗಿರುತ್ತದೆ. ನಾಲ್ಕು ಗೋಡೆ ಬಳಿದಾಗ ಕೋಣೆ ಎತ್ತ ವಾಲುತ್ತದೆ ಎಂಬುದರ ಸುಳಿವು ಅಲ್ಲಿದೆ. ಬೆಳಿಗ್ಗೆ, ಇಳಿಹೊತ್ತಿನಲ್ಲಿ ಮತ್ತು ದೀಪ ಹಾಕಿದ ಮೇಲೆ ಮತ್ತೆ ನೋಡಿ. ಬಿಳಿ ಗೋಡೆಯ ನಡುವೆ ಅಂಗೈಯಗಲ ಬಳಿದು ನೋಡುವ ರೂಢಿ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಸುತ್ತಲಿನ ಬಿಳಿಯಿಂದಾಗಿ ಯಾವ ಬಣ್ಣವೂ ಇದ್ದುದಕ್ಕಿಂತ ಕಪ್ಪಾಗಿ ತೋರುತ್ತದೆ.

ಉತ್ತರ: ಕಲ್ಲುಕಂಬ

ಬೆಳಕಿಂಡಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಗಾಢ ಬಣ್ಣದಿಂದ ಜಾಗ ಇಕ್ಕಟ್ಟಾಗುತ್ತದೆ ಎಂಬ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಈ ಭಯದಿಂದಲೇ ಎಷ್ಟೋ ಮನೆಗಳು ಬಣ್ಣವಿಲ್ಲದೆ ಉಳಿದುಬಿಡುತ್ತವೆ.

ಗಾಢ ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ ಎಂಬುದು ನಿಜ. ಅನೇಕ ಕಂಪನಿಗಳ ಶೇಡ್ ಕಾರ್ಡುಗಳಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಸೊನ್ನೆ ಎಂದರೆ ಬೆಳಕನ್ನೆಲ್ಲ ನುಂಗುವ ಕಪ್ಪು, 100 ಎಂದರೆ ಎಲ್ಲವನ್ನೂ ಹಿಂದಿರುಗಿಸುವ ಬಿಳಿ. ಸಾಮಾನ್ಯ ಬಿಳಿ ಬಣ್ಣ 80ರ ಮೇಲಿದ್ದರೆ, ಕಡುನೀಲಿ 10ಕ್ಕಿಂತ ಕೆಳಗಿರುತ್ತದೆ. ಆದರೆ ಕೋಣೆ ಚಿಕ್ಕದಾಗಿ ಕಾಣುವುದಕ್ಕೆ ಬೆಳಕಿನ ಕೊರತೆಯೊಂದೇ ಕಾರಣವಲ್ಲ. ಗಾಢ ಗೋಡೆ, ಅಪ್ಪಟ ಬಿಳಿ ಸೂರು, ಬಿಳಿ ಬಾಗಿಲುಚೌಕಟ್ಟು ಇವೆಲ್ಲ ಸೇರಿದಾಗ ಪ್ರತಿಯೊಂದು ಅಂಚೂ ಗೆರೆ ಎಳೆದಂತೆ ಎದ್ದು ಕಾಣುತ್ತದೆ, ಕಣ್ಣು ಕೋಣೆಯ ಅಳತೆಯನ್ನು ತಟ್ಟನೆ ಹಿಡಿದುಬಿಡುತ್ತದೆ. ಗೋಡೆ, ಚೌಕಟ್ಟು, ಸೂರುಗಳನ್ನು ಒಂದೇ ಬಣ್ಣದಲ್ಲಿ ಅಥವಾ ಅದರ ತೆಳು ಛಾಯೆಯಲ್ಲಿ ಮುಂದುವರಿಸಿದರೆ ಅಂಚುಗಳು ಕರಗಿ, ಚಿಕ್ಕ ಕೋಣೆಯೂ ಗಾಢ ಬಣ್ಣವನ್ನು ಹಿತವಾಗಿ ಧರಿಸುತ್ತದೆ.

ನಿಮ್ಮ ಕಿಟಕಿಯಿಲ್ಲದ ದಾರಿಯ ಬಗ್ಗೆ ನನಗೆ ಬಹಳ ಉತ್ಸಾಹವಿದೆ. ಅಂಥ ಜಾಗಕ್ಕೆ ಬಿಳಿ ಬಳಿಸಿದರೆ ಅದು ಬೆಳಗುವುದಿಲ್ಲ. ಹಿಂದಿರುಗಿಸಲು ಬೆಳಕೇ ಇಲ್ಲದಾಗ ಬಿಳಿ ಬರೀ ಬೂದಿಯಾಗುತ್ತದೆ. ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ ಮೆಕ್ಸಿಕೋ ನಗರದಲ್ಲಿ 1948ರಲ್ಲಿ ತನಗಾಗಿ ಕಟ್ಟಿಕೊಂಡ ಮನೆಯಲ್ಲಿ, ಬೀದಿಯಿಂದ ಒಳಬರುವ ಮಬ್ಬಾದ ದಾರಿಯನ್ನು ದಾಟಿದ ಕೂಡಲೇ ಮೆಟ್ಟಿಲಿರುವ ಹಜಾರದ ಕಡುಗುಲಾಬಿ ಗೋಡೆ ಎದುರಾಗುತ್ತದೆ. ಮೆಟ್ಟಿಲ ಬಳಿ ಕಲಾವಿದ ಮಥಿಯಾಸ್ ಗೋರಿಟ್ಸ್ ರಚಿಸಿದ ಚಿನ್ನದ ಹಾಳೆಯ ಫಲಕವೊಂದಿದ್ದು, ಮೇಲಿನ ಕಿಟಕಿಯ ಬೆಳಕನ್ನು ಹಿಡಿದು ಹಜಾರಕ್ಕೆ ಬೆಚ್ಚಗೆ ಹಾಯಿಸುತ್ತದೆ. ಮಬ್ಬನ್ನು ಅಳಿಸಲು ಹೋಗದೆ, ಅದರಾಚೆ ಬಣ್ಣವನ್ನು ಕಾದಿರಿಸಿದ್ದು ಅಲ್ಲಿನ ಜಾಣ್ಮೆ. ನೀವೂ ದಾರಿಯ ಕೊನೆಯಲ್ಲಿ ಎದುರಾಗುವ ಗೋಡೆಗೆ ಮಾತ್ರ ಇಟ್ಟಿಗೆ ಕೆಂಪನ್ನೋ ಕಾವಿಯನ್ನೋ ಬಳಿಸಿ, ಅದರ ಮೇಲೆ ಬೀಳುವಂತೆ ಒಂದು ದೀಪವನ್ನಿಡಿ. ಬೆಚ್ಚನೆಯ ಬಣ್ಣಗಳು ಕಣ್ಣಿಗೆ ಹತ್ತಿರ ಬಂದಂತೆ ತೋರುವುದರಿಂದ ಉದ್ದನೆಯ ದಾರಿ ಗಿಡ್ಡವಾಗುತ್ತದೆ, ನೆಲದ ಕೆಂಪಿಗೂ ಅಲ್ಲೊಂದು ಜೊತೆ ಸಿಗುತ್ತದೆ.

ಉತ್ತರ: ನೂಲುಗಾರ್ತಿ

ಇಬ್ಬರೂ ಗೋಡೆಗಳ ಬಗ್ಗೆಯೇ ಬರೆದಿದ್ದೀರಿ. ನನ್ನ ಮಟ್ಟಿಗೆ ಮನೆಯ ಬಣ್ಣ ಬಟ್ಟೆಯಿಂದ ಆರಂಭವಾಗಬೇಕು. ಗೋಡೆಯ ಬಣ್ಣವನ್ನು ಯಾವ ಛಾಯೆಯಲ್ಲಿ ಬೇಕಾದರೂ ಬೆರೆಸಿಕೊಡುತ್ತಾರೆ, ಆದರೆ ಮನಸ್ಸಿಗೆ ಒಪ್ಪುವ ಪರದೆಯ ಬಟ್ಟೆಯಾಗಲಿ ನೆಲಹಾಸಾಗಲಿ ಸಿಗುವುದು ಕಷ್ಟ. ಆದ್ದರಿಂದ ಬಹುವರ್ಣದ ಒಂದು ನೆಲಹಾಸನ್ನೋ ಚಿತ್ತಾರದ ಬಟ್ಟೆಯನ್ನೋ ಮೊದಲು ಆರಿಸಿ, ಅದರಲ್ಲಿ ಕಡಿಮೆ ಜಾಗ ಪಡೆದಿರುವ ಬಣ್ಣವನ್ನು ಗೋಡೆಗೆ ತೆಗೆದುಕೊಳ್ಳಿ. ಮುಖ್ಯ ಬಣ್ಣವನ್ನೇ ತೆಗೆದುಕೊಂಡರೆ ಬಟ್ಟೆ ಗೋಡೆಯಲ್ಲಿ ಮುಳುಗಿಹೋಗುತ್ತದೆ.

ಚಿತ್ತಾರಗಳನ್ನು ಬೆರೆಸಲು ಅಂಜಬೇಕಾಗಿಲ್ಲ. ದೊಡ್ಡ ಹೂವಿನದೊಂದು, ನಡುವಳತೆಯ ಪಟ್ಟೆಯದೊಂದು, ದೂರದಿಂದ ಬರೀ ಬಣ್ಣವಾಗಿ ಕಾಣುವಷ್ಟು ಸಣ್ಣ ಚುಕ್ಕಿಯದೊಂದು ಎಂದು ಅಳತೆಯಲ್ಲಿ ಭಿನ್ನವಾಗಿದ್ದು, ಒಂದಾದರೂ ಬಣ್ಣ ಎಲ್ಲದರಲ್ಲೂ ಸಮಾನವಾಗಿದ್ದರೆ ಅವು ಹೊಂದಿಕೊಳ್ಳುತ್ತವೆ. ನಿಮ್ಮ ಪುಸ್ತಕದ ಕಪಾಟಿನ ಹಿಂಬದಿಯ ಹಲಗೆಯನ್ನು ಮರೆಯಬೇಡಿ. ಅದಕ್ಕೆ ಅಳತೆಗೆ ಕತ್ತರಿಸಿದ ರಟ್ಟಿನ ಮೇಲೆ ಅರಿಶಿನ ಹಳದಿ ಬಟ್ಟೆಯನ್ನು ಬಿಗಿದು ಒಳಗೆ ಕೂರಿಸಿದರೆ, ಪುಸ್ತಕಗಳ ಸಂದಿನಿಂದ ಬಣ್ಣ ಇಣುಕುತ್ತದೆ, ಮರಕ್ಕೆ ಒಂದು ಮೊಳೆಯೂ ಬೇಕಾಗುವುದಿಲ್ಲ. ಬಾಡಿಗೆ ಮನೆಯಲ್ಲಿರುವವರೂ ಇದನ್ನು ಮಾಡಬಹುದು.

ಒಂದು ಎಚ್ಚರಿಕೆ: ಪೂರ್ವದ ಕಿಟಕಿಗೆ ರೇಷ್ಮೆಯ ಪರದೆ ಬೇಡ. ನೇರ ಬಿಸಿಲಿಗೆ ರೇಷ್ಮೆಯ ಎಳೆಯೇ ಜೀರ್ಣವಾಗುತ್ತದೆ, ಬಣ್ಣವೂ ಬೇಗ ಮಾಸುತ್ತದೆ. ಗಟ್ಟಿ ಹತ್ತಿಯ ಪರದೆಗೆ ಒಳಪದರ ಹೊಲಿಸಿ, ಕಂಬಿಯನ್ನು ಕಿಟಕಿಯ ಚೌಕಟ್ಟಿಗಿಂತ ಎರಡೂ ಕಡೆ ಅಗಲವಾಗಿ ಹಾಕಿಸಿದರೆ, ಸರಿಸಿದಾಗ ಪರದೆ ಗೋಡೆಯ ಮೇಲೆ ಹೋಗಿ ನಿಲ್ಲುತ್ತದೆ, ಕಿಟಕಿಯ ಬೆಳಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಉತ್ತರ: ಕುಂಚ

ನಾನು ಬಣ್ಣ ಬಳಿಯುವ ಕೆಲಸದವನು. ಗಾಢ ಬಣ್ಣ ಗೋಡೆಯ ದೋಷಗಳನ್ನು ಮುಚ್ಚುತ್ತದೆ ಎಂದು ಅನೇಕರು ತಿಳಿದಿರುತ್ತಾರೆ, ಅದು ಸರಿಯಲ್ಲ. ಗೋಡೆಯಲ್ಲಿ ತೇವವಿದ್ದರೆ ಅದರ ಮೂಲವನ್ನು ಮೊದಲು ಸರಿಪಡಿಸಬೇಕು. ಇಲ್ಲದಿದ್ದರೆ ಉಪ್ಪು ಹೊರಬಂದು ಬಣ್ಣ ಹಕ್ಕಳೆ ಏಳುತ್ತದೆ, ಗಾಢ ಬಣ್ಣದ ಮೇಲೆ ಆ ಬಿಳಿ ಕಲೆ ಇನ್ನೂ ಎದ್ದು ಕಾಣುತ್ತದೆ. ಪುಟ್ಟಿ ಹಾಕಿ ಉಜ್ಜಿದ ಮೇಲೆ, ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿ ನೋಡಿ. ಉಳಿದ ಉಬ್ಬುತಗ್ಗುಗಳೆಲ್ಲ ನೆರಳು ಬಿಡುತ್ತವೆ. ಮನೆ ಬಹಳ ಹಳೆಯದಾಗಿದ್ದರೆ ಹಿಂದಿನ ಬಣ್ಣದ ಪದರಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ, ಪರೀಕ್ಷಿಸದೆ ಒಣದಾಗಿ ಉಜ್ಜಬೇಡಿ. ಗಾಢ ಛಾಯೆಗೆ ಬಿಳಿ ಪ್ರೈಮರ್ ಬದಲು ಬೂದು ಬೆರೆಸಿದ ಪ್ರೈಮರ್ ಹಾಕಿಸಿದರೆ ಕೋಟ್‌ಗಳು ಕಡಿಮೆ ಸಾಕಾಗುತ್ತವೆ. ಹಾಲ್‌ಗೆ ಹೊಳಪಿಲ್ಲದ ಮ್ಯಾಟ್ ಫಿನಿಶ್ ಚೆಂದ. ಜನ ಮೈ ತಾಗಿಸಿಕೊಂಡು ಓಡಾಡುವ ಕಿರಿದಾದ ದಾರಿಗೆ ಮಾತ್ರ ಒರೆಸಲು ಬರುವ, ತುಸು ಹೊಳಪಿನ ಸ್ಯಾಟಿನ್ ಫಿನಿಶ್ ಒಳ್ಳೆಯದು.

ಮರುಪ್ರಶ್ನೆ: ಹೊಸಬೆಳಗು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಗದಗಳನ್ನು ಅಂಟಿಸಿ ನೋಡಿದೆವು. ಕೆಳಗಿನದು ನಿಜವಾಗಿಯೂ ಗುಲಾಬಿಯತ್ತ ವಾಲಿತ್ತು, ನಮ್ಮ ಯಜಮಾನರಿಗೂ ಅದು ಕಂಡಿತು. ಹಾಲ್‌ಗೆ ಪಾಚಿ ಹಸಿರು, ದಾರಿಯ ಕೊನೆಗೆ ಕಾವಿ ಎಂದು ಈಗ ಇಬ್ಬರೂ ಒಪ್ಪಿದ್ದೇವೆ. ಎರಡು ಸಂದೇಹಗಳು ಉಳಿದಿವೆ. ಮಗಳ ಹಳದಿಯನ್ನು ಹೇಗೆ ನಿಭಾಯಿಸಲಿ? ಎರಡು ಬಣ್ಣಗಳು ಬಾಗಿಲ ಬಳಿ ಕೂಡುವಾಗ ಗೆರೆ ಎಲ್ಲಿ ಬೀಳಬೇಕು?

ಉತ್ತರ: ಬೆಳಕಿಂಡಿ

ನಾಲ್ಕೂ ಗೋಡೆ ಹಳದಿಯಾಗಲಿ, ಮಗುವಿನ ಆಸೆಯನ್ನು ಖಂಡಿತ ನಡೆಸಿಕೊಡಿ. ಆದರೆ ಹಳದಿ ಗೋಡೆಗಳು ಒಂದರ ಬೆಳಕನ್ನು ಇನ್ನೊಂದಕ್ಕೆ ಕೊಟ್ಟುಕೊಂಡು ಒಟ್ಟಿನಲ್ಲಿ ಚುರುಕಾಗುತ್ತವೆ. ಶೇಡ್ ಕಾರ್ಡಿನಲ್ಲಿ ಅವಳು ಮೆಚ್ಚಿದ ಹಳದಿಗಿಂತ ಎರಡು ಮೆಟ್ಟಿಲು ತೆಳುವಾದದ್ದನ್ನು ಬಳಿಸಿದರೆ, ಗೋಡೆಯ ಮೇಲೆ ಅವಳಿಗೆ ಕಾಣುವುದು ಅವಳು ಮೆಚ್ಚಿದ ಹಳದಿಗೆ ಹತ್ತಿರವಾದದ್ದೇ. ಸೂರು ಬಿಳಿಯಾಗಿರಲಿ. ಮಂಚದ ಹೊದಿಕೆಯಲ್ಲಿ ಹಾಲ್‌ನ ಪಾಚಿ ಹಸಿರು ಒಂದಿಷ್ಟು ಬಂದರೆ, ಬಾಗಿಲು ತೆರೆದಿಟ್ಟಾಗ ಎರಡು ಕೋಣೆಗಳಿಗೂ ಸಂಬಂಧ ಕೂಡುತ್ತದೆ.

ಉತ್ತರ: ಕುಂಚ

ಬಾಗಿಲು ಮುಚ್ಚಿದಾಗ ಯಾವ ಕೋಣೆಯಿಂದ ಯಾವ ಭಾಗ ಕಾಣುತ್ತದೋ ಆ ಭಾಗಕ್ಕೆ ಆ ಕೋಣೆಯ ಬಣ್ಣ. ಚೌಕಟ್ಟಿನಲ್ಲಿ ಬಾಗಿಲು ಕೂರುವ ತೋಡಿನ ಅಂಚಿನಲ್ಲೇ ಗೆರೆ ಬೀಳಬೇಕು. ಬಾಗಿಲಿಲ್ಲದೆ ಬರೀ ತೆರಪು ಇರುವಲ್ಲಿ, ಗೋಡೆಯ ದಪ್ಪದ ಭಾಗಕ್ಕೆ ಎರಡರಲ್ಲಿ ತೆಳುವಾದ ಬಣ್ಣವನ್ನು ಬಳಿಸಿ, ಗಾಢ ಬಣ್ಣವನ್ನು ಹೊರಮೂಲೆಯಲ್ಲೇ ನಿಲ್ಲಿಸಿ. ಅಲ್ಲಿ ಟೇಪ್ ಅಂಟಿಸಿ, ಮೊದಲು ತೆಳು ಬಣ್ಣವನ್ನೇ ಟೇಪಿನ ಅಂಚಿಗೆ ಒಂದು ಸಲ ಎಳೆದು ಒಣಗಲು ಬಿಟ್ಟು, ಆಮೇಲೆ ಗಾಢ ಬಣ್ಣ ಬಳಿದು, ಅದು ಪೂರ್ತಿ ಒಣಗುವ ಮೊದಲೇ ಟೇಪ್ ಬಿಚ್ಚಿದರೆ ಗೆರೆ ನೇರವಾಗಿ ನಿಲ್ಲುತ್ತದೆ.