ಅಳಿವೆಯಲ್ಲಿ ಒಬ್ಬರೇ ಹಾಯಿದೋಣಿ: ಮೊದಲ ಸಲ ಹೊರಡುವಾಗ ಏನು ಗೊತ್ತಿರಬೇಕು?

ಪ್ರಶ್ನೆ:
ನಾನು ಮೈಸೂರು ಕಡೆಯವನು. ಇಂಗ್ಲೆಂಡಿನ ಇಪ್ಸ್‌ವಿಚ್‌ಗೆ ಬಂದು ಆರು ವರ್ಷ ಆಯ್ತು. ಹೋದ ಬೇಸಿಗೆಯಲ್ಲಿ ಹಾಯಿದೋಣಿ ನಡೆಸೋದು ಕಲಿತು, ಈಗ 17 ಅಡಿಯ ಒಂದು ಹಳೆಯ ದೋಣಿ ಕೊಂಡಿದ್ದೇನೆ. ತಳದಿಂದ ನೀರಿಗೆ ಇಳಿಬಿಡುವ ನಡುಹಲಗೆಯನ್ನು ಮೇಲೆತ್ತಬಹುದು, ಮಲಗೋಕೆ ಸಣ್ಣ ಕ್ಯಾಬಿನ್ ಇದೆ. ಆರ್ವೆಲ್ ನದಿಯಲ್ಲಿ ಒಬ್ಬನೇ ಕೆಳಗಿಳಿದು, ಒಂದು ರಾತ್ರಿ ದೋಣಿಯಲ್ಲೇ ಕಳೆದು ವಾಪಸ್ ಬರಬೇಕು ಅಂತ ಆಸೆ. ಉಬ್ಬರ ಇಳಿತದ ಲೆಕ್ಕ ಇನ್ನೂ ಕೈಗೆ ಹತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೊದಲ ಉತ್ತರ:
ನಾನು ಹೊನ್ನಾವರದವನು. ಶರಾವತಿ ಅಳಿವೆ ನೋಡುತ್ತಾ ಬೆಳೆದವನು, ಹಾಗಾಗಿ ನೀರು ಏರಿಳಿಯೋದು ನನಗೆ ಹೊಸದಲ್ಲ ಅಂದುಕೊಂಡಿದ್ದೆ. ಆದರೆ ನಮ್ಮೂರಲ್ಲಿ ದೊಡ್ಡ ಭರತಕ್ಕೂ, ಅಂದರೆ ದೊಡ್ಡ ಉಬ್ಬರಕ್ಕೂ, ನೀರು ಏರೋದು ಹೆಚ್ಚೂಕಡಿಮೆ ಒಂದೂವರೆ ಮೀಟರ್. ಇಲ್ಲಿ ಆರ್ವೆಲ್ ನದಿಯ ಬಾಯಲ್ಲಿರುವ ಹಾರ್ವಿಚ್‌ನಲ್ಲಿ ಸುಮಾರು 3.6 ಮೀಟರ್. ಈ ವ್ಯತ್ಯಾಸ ಮೈಗೆ ಹತ್ತೋಕೆ ನನಗೆ ಒಂದು ಇಡೀ ರಾತ್ರಿ ಬೇಕಾಯ್ತು.

ಹುಣ್ಣಿಮೆಯ ಮರುದಿನ ಅದು. ಸ್ಟೌರ್ ನದಿಯ ಹಾಲ್‌ಬ್ರೂಕ್ ಕೊಲ್ಲಿಯಲ್ಲಿದ್ದೆ. ಮಧ್ಯಾಹ್ನ ಒಂದಕ್ಕೆ ನೀರು ತುಂಬಿತ್ತು. ಎರಡು ಗಂಟೆ ಹೊತ್ತಿಗೆ ದಡದ ಹತ್ತಿರ ಕೊಕ್ಕು ಮೇಲಕ್ಕೆ ಬಾಗಿದ ಆವಸೆಟ್ ಹಕ್ಕಿಗಳು ಕಂಡವು. ಇನ್ನು ಹತ್ತು ಮಾರು ಹೋಗಿ ನೋಡೋಣ ಅಂತ ತಿರುಗಿಸಿದೆ. ನಡುಹಲಗೆ ಮೆತ್ತಗೆ ತಾಗಿತು. ಅದನ್ನು ಎತ್ತಿ, ಹಾಯಿ ಇಳಿಸಿ, ಹುಟ್ಟಿನಿಂದ ತಳ್ಳುವಷ್ಟರಲ್ಲಿ ದೋಣಿ ಕೂತೇಬಿಟ್ಟಿತ್ತು. ಇಳಿದು ತಳ್ಳೋಣ ಅಂತ ಹುಟ್ಟನ್ನು ಕೆಸರಿಗೆ ಚುಚ್ಚಿ ನೋಡಿದೆ, ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಯ್ತು. ಅಲ್ಲಿಗೆ ಇಳಿಯೋ ಯೋಚನೆ ಬಿಟ್ಟೆ. ಸಂಜೆ ಹೊತ್ತಿಗೆ ಸುತ್ತ ಕೆಸರೋ ಕೆಸರು, ಅದು ಒಣಗುತ್ತಾ ಚಿಟಚಿಟ ಅನ್ನೋ ಸದ್ದು ಬಿಟ್ಟರೆ ಏನೂ ಇಲ್ಲ. ದೋಣಿ ಮತ್ತೆ ತೇಲಿದ್ದು ರಾತ್ರಿ ಹನ್ನೆರಡೂವರೆಗೆ.

ಆವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಗೊತ್ತಿಲ್ಲದ ಜಾಗಕ್ಕೆ ಹೋಗೋದು ನೀರು ಏರುವಾಗ ಮಾತ್ರ. ಏರುವ ನೀರಲ್ಲಿ ಕೂತರೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ದೋಣಿ ತಾನೇ ಎದ್ದೇಳುತ್ತದೆ. ಇಳಿಯುವ ನೀರಲ್ಲಿ ಕೂತರೆ ನನ್ನ ಕತೆಯೇ. ಅದರಲ್ಲೂ ದೊಡ್ಡ ಭರತ ತುಂಬಿದ ಹೊತ್ತಿಗೇ ಮೇಲೆ ಹತ್ತಿ ಕೂತರೆ ಇನ್ನೂ ಕಷ್ಟ. ಮುಂದಿನ ಉಬ್ಬರಗಳು ಅಷ್ಟು ಎತ್ತರ ಬರದೇ ಹೋದರೆ ದಿನಗಟ್ಟಲೆ ಅಲ್ಲೇ.

ಲೆಕ್ಕ ಹೀಗೆ ಮಾಡಿ. ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು ಇಳಿಯುತ್ತದೆ, ಆಮೇಲೆ ಎರಡು, ಮೂರು, ಮೂರು, ಎರಡು, ಕೊನೆಗೆ ಒಂದು. ಅಂದರೆ 3.6 ಮೀಟರ್ ಇಳಿತದಲ್ಲಿ ನಡುವಿನ ಎರಡೇ ಗಂಟೆಯಲ್ಲಿ 1.8 ಮೀಟರ್, ಒಂದು ಆಳುದ್ದ ನೀರು ಹೊರಟುಹೋಗುತ್ತದೆ. ಕಣ್ಣೆದುರೇ ದಡ ಅಗಲ ಆಗೋದು ಕಾಣುತ್ತೆ.

ನಿಮ್ಮ ಮನೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇದ್ದರೆ ದಿನ ಆರಿಸೋಕೆ ಅದೇ ಸಾಕು. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಭರತ. ಆ ದಿನಗಳಲ್ಲಿ ಇಲ್ಲಿ ನೀರು ತುಂಬೋದು ಮಧ್ಯಾಹ್ನದ ಹೊತ್ತಿಗೆ. ಅಷ್ಟಮಿ, ನವಮಿ ಆಸುಪಾಸಿನಲ್ಲಿ ಸಣ್ಣ ಉಬ್ಬರ, ಸುಮಾರು 2.3 ಮೀಟರ್. ಆಗ ಬೇಸಿಗೆ ಗಡಿಯಾರದ ಪ್ರಕಾರ ಬೆಳಿಗ್ಗೆ ಆರೇಳಕ್ಕೆ ತುಂಬಿ, ಮಧ್ಯಾಹ್ನ ಒಂದರ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಇಪ್ಸ್‌ವಿಚ್‌ನಿಂದ ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ. ಬೆಳಿಗ್ಗೆ ಇಳಿತದ ಜೊತೆ ಕೆಳಗೆ ಹೋಗಿ, ಮಧ್ಯಾಹ್ನದ ಮೇಲೆ ಉಬ್ಬರದ ಜೊತೆ ಮೇಲೆ ಬನ್ನಿ. ನಿಖರವಾದ ಸಮಯಕ್ಕೆ ಉಬ್ಬರದ ಪಟ್ಟಿ ನೋಡಲೇಬೇಕು. ಕೆಲವು ಪಟ್ಟಿಗಳಲ್ಲಿ ಬೇಸಿಗೆಯ ಒಂದು ಗಂಟೆ ಸೇರಿಸಿರೋದಿಲ್ಲ, ಅದನ್ನು ಮೊದಲು ಗಮನಿಸಿ.

ಇನ್ನೊಂದು, ಗಾಳಿ. ನೀರು ಒಂದು ಕಡೆ, ಗಾಳಿ ಅದಕ್ಕೆದುರು ಬಂದರೆ ಸಣ್ಣ ನದಿಯಲ್ಲೂ ಗಿಡ್ಡ ಗಿಡ್ಡ ಚೂಪು ಅಲೆ ಏಳುತ್ತವೆ. ಹದಿನೇಳು ಅಡಿ ದೋಣಿಗೆ ಅದು ಸಾಕಷ್ಟು ಜಾಸ್ತಿ. ಹಾಯಿ ಚಿಕ್ಕದು ಮಾಡೋ ಕೆಲಸ ಹೊರಡೋ ಮೊದಲೇ ಮುಗಿಸಿ. ಒಬ್ಬರೇ ಇರುವಾಗ ಚುಕ್ಕಾಣಿ ಹಿಡಿಯೋಕೆ ಇನ್ನೊಂದು ಕೈ ಇರೋದಿಲ್ಲ, ಅಲ್ವಾ.

ಎರಡನೇ ಉತ್ತರ:
ಮೇಲಿನ ಅಣ್ಣ ಹೇಳಿದ್ದು ಎಲ್ಲಾ ಸರಿ. ನಾನು ಕುಂದಾಪುರದವಳು, ಡೆಬೆನ್ ನದಿಯಲ್ಲಿ ನನ್ನ ದೋಣಿ. ನನಗೆ ಹೇಳಬೇಕಾದ್ದು ನೀರಿಗೆ ಬೀಳುವ ವಿಷಯ.

ಒಂದು ದಿನ ಬೇಕಂತಲೇ ಪರೀಕ್ಷೆ ಮಾಡಿದೆ. ದಡದ ಹತ್ತಿರ, ಗೆಳತಿ ನೋಡುತ್ತಿರುವಾಗ, ಜಾಕೆಟ್ ಬೂಟ್ ಸಮೇತ ನೀರಿಗಿಳಿದು ದೋಣಿ ಹತ್ತೋಕೆ ನೋಡಿದೆ. ಆಗಲಿಲ್ಲ. ದೋಣಿಯ ಅಂಚು ಎದೆಮಟ್ಟಕ್ಕೂ ಇಲ್ಲ ಅಂತ ಮೇಲಿಂದ ಕಾಣುತ್ತೆ, ನೀರಿನಿಂದ ನೋಡಿದರೆ ಅದು ಗೋಡೆ. ಆಮೇಲೆ ಹಿಂಬದಿಗೆ ಹಗ್ಗದ ಏಣಿ ಕಟ್ಟಿದೆ. ಅದರ ಎಳೆಯುವ ತುದಿ ನೀರಿನಿಂದ ಕೈಗೆ ಸಿಗೋ ಹಾಗಿದೆ. ಮೇ ತಿಂಗಳಲ್ಲೂ ನೀರು 12 ಡಿಗ್ರಿ ಆಸುಪಾಸು, ಬೆರಳು ಬೇಗ ಮರಗಟ್ಟುತ್ತವೆ. ಲೈಫ್ ಜಾಕೆಟ್ ಮೈಮೇಲೆ ಇರಲಿ, ವಿಎಚ್‌ಎಫ್ ರೇಡಿಯೋ ಜೇಬಿನಲ್ಲಿರಲಿ, ಕ್ಯಾಬಿನ್ನಲ್ಲಿ ಬೇಡ. ಸಹಾಯಕ್ಕೆ ಕರೆಯೋದು 16ನೇ ಚಾನೆಲ್. ಮೂತ್ರಕ್ಕೆ ಬಕೆಟ್ ಇಟ್ಟುಕೊಳ್ಳಿ. ಅಂಚಿನಲ್ಲಿ ನಿಲ್ಲೋದು ಬೇಡವೇ ಬೇಡ.

ಡೆಬೆನ್ ಬಾಯಿಗೆ ಈ ವರ್ಷ ಬರಬೇಡಿ. ಅಲ್ಲಿನ ಜಲ್ಲಿಕಲ್ಲಿನ ದಿಬ್ಬ ಚಳಿಗಾಲದ ಬಿರುಗಾಳಿಗೆ ಜಾಗ ಬದಲಿಸುತ್ತೆ, ಸೆಳೆತವೂ ಜೋರು. ಮೊದಲು ಗೊತ್ತಿರುವವರ ಜೊತೆ ಬನ್ನಿ.

ಕೇಳಿದವರು ಮತ್ತೆ:
ತುಂಬಾ ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಏಣಿ ಈ ವಾರವೇ ಕಟ್ಟುತ್ತೇನೆ. ರಾತ್ರಿ ಎಲ್ಲಿ ನಿಲ್ಲಿಸಲಿ? ಲಂಗರಿಗೆ ಎಷ್ಟು ಹಗ್ಗ ಬಿಡಬೇಕು? ಹಾರ್ವಿಚ್ ತನಕ ಹೋಗಬಹುದಾ?

ಮೊದಲ ಉತ್ತರ ಕೊಟ್ಟವರು:
ಮೊದಲ ರಾತ್ರಿ ಪಿನ್ ಮಿಲ್ ಸಾಕು. ನದಿಯ ಸುಮಾರು ಅರ್ಧ ದಾರಿ. ಅಲ್ಲಿ ದೋಣಿ ಕಟ್ಟೋಕೆ ಬೋಯಾ, ಅಂದರೆ ನೀರಲ್ಲಿ ತೇಲುವ ಗುಂಡುಗಳು, ಇವೆ, ಮೊದಲೇ ಕೇಳಿ ದುಡ್ಡು ಕೊಟ್ಟರೆ ಒಂದು ಸಿಗುತ್ತೆ. ಲಂಗರು ಹಾಕೋದಾದರೆ ಲೆಕ್ಕ ತುಂಬಿದ ನೀರಿಗೆ ಮಾಡಿ. ಇಳಿತದಲ್ಲಿ 2 ಮೀಟರ್ ಇದ್ದರೆ, 2.3 ಏರಿ 4.3 ಆಗುತ್ತೆ. ಪೂರ್ತಿ ಸರಪಳಿಯಾದರೆ ಅದರ ನಾಲ್ಕು ಪಟ್ಟು, 17-18 ಮೀಟರ್ ಬಿಡಿ. ಸ್ವಲ್ಪ ಸರಪಳಿ, ಉಳಿದದ್ದು ಹಗ್ಗವಾದರೆ 30 ಮೀಟರ್‌ವರೆಗೂ ಬೇಕು. ನೀರು ತಿರುಗಿದಾಗ ದೋಣಿಯೂ ಆ ಹಗ್ಗದುದ್ದ ಸುತ್ತು ಹಾಕುತ್ತೆ, ಅಷ್ಟು ಜಾಗ ಬಿಟ್ಟು ನಿಲ್ಲಿಸಿ.

ಹಾರ್ವಿಚ್ ಎರಡನೇ ಸಲಕ್ಕಿರಲಿ. ಎದುರಿಗೇ ಫೆಲಿಕ್ಸ್‌ಸ್ಟೋ ಬಂದರು, 400 ಮೀಟರ್ ಉದ್ದದ ಕಂಟೇನರ್ ಹಡಗುಗಳು ಬರುತ್ತವೆ. ಅವು ನಿಮಗಾಗಿ ತಿರುಗಲಾರವು. ಹೋಗುವಾಗ ಅವುಗಳ ಕಾಲುವೆಯ ಬೋಯಾಗಳಿಂದ ಹೊರಗೇ ಇರಿ, ಬಂದರಿನವರು ಹಡಗುಗಳ ಜೊತೆ ಮಾತಾಡುವ 71ನೇ ಚಾನೆಲ್ ಕೇಳುತ್ತಾ ಇರಿ.

ಮತ್ತೆ ಒಂದು ಬಿದಿರಿನ ಗಳ ತಗೊಂಡು ಹೋಗಿ, ಅಡಿಗೊಂದು ಪಟ್ಟಿ ಬಣ್ಣ ಬಳಿದು. ಆಳ ತೋರಿಸೋ ಯಂತ್ರ ನನ್ನಲ್ಲೂ ಇದೆ. ಆದರೆ ತಳ ಮರಳೋ ಕೆಸರೋ ಅಂತ ಕೈಗೆ ಹೇಳೋದು ಗಳವೇ. ಹೊರಡೋ ದಿನ ಗೊತ್ತಾದರೆ ಬರೆಯಿರಿ. ಆ ಶನಿವಾರ ಬಿಡುವಿದ್ದರೆ ನಾನೂ ಪಿನ್ ಮಿಲ್‌ಗೆ ಬರುತ್ತೇನೆ, ನನ್ನ ದೋಣಿಯಲ್ಲಿ.