ಸಹಾಯ ಬೇಕು: ಹರಾಜಿನಲ್ಲಿ ಕೊಂಡ ಹಳೆಯ ಉಂಗುರದ ಕಾಲ ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು, ಹಳೆಯ ಉಂಗುರಗಳನ್ನು ಸಂಗ್ರಹಿಸುತ್ತೇನೆ. ಕಳೆದ ತಿಂಗಳು ಆನ್‌ಲೈನ್ ಹರಾಜಿನಲ್ಲಿ, 1880ರ ಸುಮಾರಿನದೆಂಬ ವಿವರಣೆಯನ್ನು ನಂಬಿ, ಬಳ್ಳಿಯ ಕೆತ್ತನೆಯಿರುವ ಇಂಗ್ಲೆಂಡಿನ ಬೆಳ್ಳಿ ಉಂಗುರವೊಂದನ್ನು ಕೊಂಡೆ. ಒಳಮೈಯಲ್ಲಿ ಸ್ಟರ್ಲಿಂಗ್ (ಶೇ. 92.5 ಶುದ್ಧ) ಬೆಳ್ಳಿಯ ಗುರುತಾದ ನಡೆಯುವ ಸಿಂಹವೂ ಬೆಳ್ಳಿಯನ್ನು ಪರೀಕ್ಷಿಸಿದ ಊರು ಬರ್ಮಿಂಗ್‌ಹ್ಯಾಮ್ ಎಂದು ಸೂಚಿಸುವ ಲಂಗರೂ ಸ್ಪಷ್ಟವಾಗಿವೆ. ಆದರೆ ಹಿಂದೆ ಯಾರೋ ಅಳತೆ ಬದಲಿಸಲು ಹಾಕಿಸಿದ ಬೆಸುಗೆ, ವರ್ಷ ಸೂಚಿಸುವ ಅಕ್ಷರದ ಮೇಲೆಯೇ ಹಾದುಹೋಗಿದೆ. ಸುಂಕ ಸಂದಾಯವಾದುದಕ್ಕೆ 1890ರವರೆಗೆ ಒತ್ತುತ್ತಿದ್ದ ರಾಣಿಯ ತಲೆಯ ಮುದ್ರೆಯೂ ಕಾಣುತ್ತಿಲ್ಲ. ಭೂತಗನ್ನಡಿ ಹಿಡಿದು ನೋಡಿದ್ದಾಯಿತು. ಇಲ್ಲಿಯ ಅಕ್ಕಸಾಲಿಗರು ಬೆಳ್ಳಿ ಅಪ್ಪಟವೆಂದರೇ ಹೊರತು ಕಾಲ ಹೇಳಲಿಲ್ಲ. ಉಳಿದ ಗುರುತುಗಳೂ ಸವೆದಾವೆಂಬ ಭಯದಿಂದ ಹೊಳಪು ಕೊಡಿಸಿಲ್ಲ. ಆ ಮುದ್ರೆ ಬೆಸುಗೆಯಡಿ ಅಳಿಸಿಹೋಗಿದೆಯೋ, ಉಂಗುರವೇ 1890ರ ನಂತರದ್ದೋ ಎಂಬುದನ್ನು ಉಜ್ಜದೆ, ಬೆಸುಗೆ ಬಿಡಿಸದೆ ತಿಳಿಯುವ ದಾರಿ ಯಾವುದು?