ಮಾತು, ಧ್ವನಿ ಹೇಳಿಕೊಡುವವರು ಎಲ್ಲಿ ಗೆರೆ ಹಾಕಿಕೊಳ್ಳಬೇಕು? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಡೊಂಬಿವಲಿಯಿಂದ: ಸಂಘದ ಕನ್ನಡ ನಾಟಕಗಳಲ್ಲಿ ಪಾತ್ರ ಮಾಡುತ್ತೇನೆ. ಈಗ ಪರಿಚಯದವರು ಮಾತು, ಉಚ್ಚಾರ ಹೇಳಿಕೊಡಿ ಅನ್ನುತ್ತಿದ್ದಾರೆ. ಮಕ್ಕಳಿದ್ದಾರೆ, ಕಾಲ್ ಸೆಂಟರ್ ಹುಡುಗರಿದ್ದಾರೆ. ಒಬ್ಬ ಸ್ಕೂಲ್ ಟೀಚರ್‌ಗೆ ಎರಡು ತಿಂಗಳಿಂದ ಗಂಟಲು ಕಟ್ಟಿದೆ, ಅವರಿಗೂ ವ್ಯಾಯಾಮ ಬೇಕಂತೆ. ಹೇಗೆ ಶುರು ಮಾಡಲಿ?

ಮಾಟುಂಗಾದಿಂದ: ಮೊದಲು ಆ ಟೀಚರ್ ವಿಷಯ. ಅವರಿಗೆ ಸದ್ಯ ಯಾವ ವ್ಯಾಯಾಮವನ್ನೂ ಕೊಡಬೇಡಿ. ಗಂಟಲು ಕಟ್ಟಿ 4 ವಾರವಾದರೂ ಸರಿಹೋಗದಿದ್ದರೆ ಡಾಕ್ಟರ್ ಧ್ವನಿಪೆಟ್ಟಿಗೆಯನ್ನೇ ನೋಡಬೇಕು ಅಂತ ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2018ರಲ್ಲೇ ಹೇಳಿದೆ. ಜಾಸ್ತಿ ಕೂಗಿ ಆದ ಗಂಟು ಇರಬಹುದು, ಹೊಟ್ಟೆಯ ಆಸಿಡ್ ಮೇಲೆ ಬರುತ್ತಿರಬಹುದು, ಕ್ಯಾನ್ಸರ್ ಕೂಡ ಇರಬಹುದು. ಹೊರಗೆ ಕೇಳಿಸುವುದು ಅದೇ ಒಡಕು ದನಿ. ಎಷ್ಟೇ ಪಳಗಿದ ಕಿವಿಯಾದರೂ ಬರೀ ಕೇಳಿ ಹೇಳಲು ಆಗುವುದಿಲ್ಲ. ಡಾಕ್ಟರ್ ನೋಡುವವರೆಗೆ ಪಿಸುಗುಟ್ಟಿ ಮಾತಾಡಿ ಅಂತಲೂ ಹೇಳಬೇಡಿ, ಹಲವರಿಗೆ ಅದರಿಂದ ಗಂಟಲಿಗೆ ಇನ್ನೂ ಆಯಾಸ.

ಡಾಕ್ಟರ್ ನೋಡಿದ ಮೇಲೂ ಧ್ವನಿಗೆ ವ್ಯಾಯಾಮ ಕೊಡುವುದು ಸ್ಪೀಚ್ ಥೆರಪಿಸ್ಟ್ ಕೆಲಸ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು, ಅದಕ್ಕೆ 1992ರ ಕಾಯ್ದೆಯೇ ಇದೆ. ನಮ್ಮ ಮುಂಬೈನ ಬಾಂದ್ರಾದಲ್ಲೇ 1983ರಿಂದ ಮಾತು, ಕಿವಿಯ ತೊಂದರೆಗಳನ್ನು ನೋಡುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಅಲ್ಲಿಗೆ ಕಳಿಸಿ. ಒಬ್ಬರ ಫೀಸ್ ಹೋಗುತ್ತದೆ, ಹೋಗಲಿ.

ಕಾಲ್ ಸೆಂಟರ್ ಹುಡುಗರು ಬಂದು "ನನ್ನ ಆಕ್ಸೆಂಟ್ ತೆಗೆದುಬಿಡಿ" ಅನ್ನುತ್ತಾರೆ. ಯಾರಿಗೆ, ಯಾವ ಮಾತು ಅರ್ಥವಾಗುತ್ತಿಲ್ಲ ಅಂತ ಕೇಳಿ. ನಾನು ನೋಡಿದ ಹಾಗೆ ತೊಂದರೆ ಇರುವುದು ವೇಗದಲ್ಲಿ, ಪದದ ಕೊನೆ ನುಂಗುವುದರಲ್ಲಿ. ಅದನ್ನು ಇಬ್ಬರೂ ಕೂತು ಬರೆದುಕೊಳ್ಳಿ, ತಿಂಗಳಾದ ಮೇಲೆ ಅದನ್ನೇ ತೆಗೆದು ನೋಡಿ. ಅವನ ಮಾತಿನಲ್ಲಿ ಕುಂದಾಪುರವೋ ಹುಬ್ಬಳ್ಳಿಯೋ ಕೇಳಿಸಿದರೆ ಅದು ರೋಗ ಅಲ್ಲ, ಹಾಗಂತ ಅವನಿಗೆ ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಅಮ್ಮ ಮಾತಾಡುವ ರೀತಿಗೆ ನಾಚುವ ಹಾಗೆ ಮಾಡಿ ಕಳಿಸುವ ತರಗತಿಗಳನ್ನು ಈ ಊರಲ್ಲಿ ಕಂಡಿದ್ದೇನೆ, ಅದನ್ನು ಪಾಠ ಅಂತ ನಾನು ಒಪ್ಪುವುದಿಲ್ಲ. ಕೆಲಸ ಸಿಗುತ್ತದೆ, ಪ್ರಮೋಷನ್ ಆಗುತ್ತದೆ ಅಂತ ಭರವಸೆಯನ್ನೂ ಕೊಡಬೇಡಿ. ಅದು ನಮ್ಮ ಕೈಯಲ್ಲಿ ಇಲ್ಲ, ಅಲ್ವಾ?

ಪುಣೆಯಿಂದ: ನಾನು ನಾಟಕದ ಹುಡುಗ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಉಸಿರಿನ ಪಾಠದಲ್ಲಿ ಪಕ್ಕೆಲುಬು, ಹೊಟ್ಟೆ ಮುಟ್ಟಿ ತೋರಿಸುವ ರೂಢಿ ಹಳೆಯದು. ನಾನು ಮುಟ್ಟುವುದಿಲ್ಲ. ನಿಮ್ಮ ಕೈಯನ್ನೇ ಅಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ, ಉಸಿರು ಎಲ್ಲಿಗೆ ಹೋಗುತ್ತಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತಾಗುತ್ತದೆ. ಮುಟ್ಟಲೇಬೇಕು ಅನ್ನಿಸಿದರೆ ಪ್ರತಿ ಸಲ ಕೇಳಿ, ನಿನ್ನೆ ಒಪ್ಪಿದ್ದರು ಅಂತ ಇವತ್ತು ಕೈ ಹಾಕಬೇಡಿ. ಬೇಡ ಅಂದವರ ಹತ್ತಿರ ಕಾರಣವನ್ನೂ ಕೇಳಬೇಡಿ. ಮಕ್ಕಳ ತರಗತಿಯಲ್ಲಿ ಇನ್ನೊಬ್ಬ ದೊಡ್ಡವರು ಇರಲಿ, ಬಾಗಿಲು ತೆರೆದಿರಲಿ.

ದನಿ ಒಡೆಯುವ ವಯಸ್ಸಿನ ಹುಡುಗರನ್ನು ಜೋಪಾನವಾಗಿ ನೋಡಿಕೊಳ್ಳಿ. ಧ್ವನಿಪೆಟ್ಟಿಗೆ ಬೆಳೆಯುತ್ತಿರುತ್ತದೆ, ಧ್ವನಿತಂತು ಉದ್ದ ಆಗುತ್ತಿರುತ್ತದೆ, ಆಗ ಹಳೆಯ ಎತ್ತರದ ಸ್ವರದಲ್ಲೇ ಹೇಳು ಅಂತ ಒತ್ತಾಯ ಮಾಡಬಾರದು. ದನಿ ಜಾರಿದಾಗ ಉಳಿದವರು ನಗದ ಹಾಗೆ ನೋಡಿಕೊಳ್ಳುವುದೂ ನಮ್ಮದೇ ಕೆಲಸ.

ವಾಶಿಯಿಂದ: ಡಬ್ಬಿಂಗ್ ಮಾಡುತ್ತೇನೆ, ಕಲಿಯುವವಳಾಗಿ ಹೇಳುತ್ತಿದ್ದೇನೆ. ಹಿಂದೆ ಒಂದು ತರಗತಿಯಲ್ಲಿ ನನ್ನ ಮೊದಲ ದಿನದ ರೆಕಾರ್ಡಿಂಗನ್ನು "ಮೊದಲು ಹೀಗಿತ್ತು, ಈಗ ಹೀಗಿದೆ" ಅಂತ ವಾಟ್ಸಾಪ್‌ನಲ್ಲಿ ಜಾಹೀರಾತಿಗೆ ಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಈ ಕೆಲಸದಲ್ಲಿ ದನಿ ಕೇಳಿದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ರೆಕಾರ್ಡಿಂಗ್ ಯಾರ ಹತ್ತಿರ ಇರುತ್ತದೆ, ಯಾವಾಗ ಅಳಿಸುತ್ತೀರಿ ಅಂತ ಫೀಸ್ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ.